ಜಲಜಕ್ಕನ ಹೆಸರಿನಲ್ಲಿ ಬರೆದ ಸಾಲು

ಆ ಸಾಲನ್ನು ಬರೆದದ್ದು ಜಲಜಕ್ಕ ಅಲ್ಲ, ನಾನು. ಅವರ ಅತ್ತೆ ತೀರಿಕೊಂಡು ಮನೆಯಲ್ಲಿ ಒಲೆಯ ಮೇಲೆ ಬಾಣಲೆಯನ್ನೇ ಇಡದಿದ್ದ ದಿನಗಳಲ್ಲಿ, "ಕೆಲಸವೇ ನಮ್ಮ ದೇವರು. ನಮ್ಮ ಬಾಣಲೆ ಎಂದೂ ಆರುವುದಿಲ್ಲ" ಎಂದು ಅವರ ಹೆಸರಿನಲ್ಲಿ, ಊರಿಗೆಲ್ಲ ಕಾಣುವ ಹಾಗೆ ಬರೆದವಳು ನಾನು. ಆಮೇಲೆ ಅವರೇ ಬಂದು ಕೇಳಿದಾಗ — ಇಲ್ಲ ಎಂದವಳೂ ನಾನೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಏಕೆಂದರೆ ಮುಂದಿನದನ್ನು ಬರೆಯುತ್ತಾ ಹೋದರೆ ನನಗೆ ಹೆಮ್ಮೆ ಉಕ್ಕುತ್ತದೆ, ಹೆಮ್ಮೆ ಉಕ್ಕಿದರೆ ಹೇಳಬೇಕಾದದ್ದನ್ನು ಹಾರಿಸಿಬಿಡುವ ಬುದ್ಧಿ ನನ್ನದು.

ಹೌದು, ಹೆಮ್ಮೆ. ತಪ್ಪೊಪ್ಪಿಕೊಳ್ಳಲು ಕುಳಿತವಳು ತಲೆ ತಗ್ಗಿಸಬೇಡವೇ ಎಂದು ನೀವು ಕೇಳಬಹುದು. ತಗ್ಗಿಸುತ್ತೇನೆ — ಆ ಒಂದು ಸಾಲಿಗೆ, ಆ ಒಂದು 'ಇಲ್ಲ'ಕ್ಕೆ. ಉಳಿದ ಕೆಲಸಕ್ಕೆ ತಗ್ಗಿಸು ಎಂದರೆ ನನ್ನಿಂದ ಆಗುವುದಿಲ್ಲ. ಅಷ್ಟು ಚೆಂದ ಮಾಡಿದ್ದೇವೆ ನಾವಿಬ್ಬರು.

ನನ್ನ ಹೆಸರು ಲವೀನಾ. ಕಾಸರಗೋಡು ಕಡೆಯ ಉಪ್ಪಳದಲ್ಲಿ ನಮ್ಮ ಮನೆ, ಪಕ್ಕದ ಹಿತ್ತಿಲು ಜಲಜಕ್ಕನದು. ನಾವು ಕೊಂಕಣಿ ಮಾತನಾಡುವ ಕ್ರಿಶ್ಚಿಯನರು, ಅವರು ತುಳುವಿನವರು. ನಡುವಿನ ಬೇಲಿಯಲ್ಲಿ ದಾಟಿ ದಾಟಿ ಸವೆದ ಒಂದು ಕಂಡಿ. ಅವರ ಗಂಡ ಕೊಲ್ಲಿ ದೇಶದಲ್ಲಿದ್ದರು. ಜಲಜಕ್ಕ ಮನೆಯ ಹಿಂದಿನ ಶೆಡ್ಡಿನಲ್ಲಿ ನೇಂದ್ರ ಬಾಳೆಕಾಯಿ ಚಿಪ್ಸ್ ಕರಿದು ಪೇಟೆಯ ಎರಡು ಬೇಕರಿಗಳಿಗೆ ಕೊಡುತ್ತಿದ್ದರು. ಕಾಲೇಜು ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ನಾನು ಒಂದು ದಿನ, ಫೋನಿನಲ್ಲಿ ನಿಮ್ಮ ಚಿಪ್ಸಿಗೆ ಒಂದು ಪೇಜ್ ಮಾಡುವ ಅಕ್ಕ, ಎಂದೆ.

"ಪೇಜ್ ಎಂತಕ್ಕೆ ಮಾರಾಯ್ತಿ? ತಿಂದವರಿಗೆ ಬಾಯಿ ಉಂಟಲ್ಲ, ಅವರೇ ಹೇಳ್ತಾರೆ" ಎಂದರು.

ಹೇಳುತ್ತಿದ್ದರು, ನಿಜ. ಆದರೆ ಅವರ ಮಾತು ಉಪ್ಪಳ ದಾಟುತ್ತಿರಲಿಲ್ಲ. ದಾಟಿಸಿದವಳು ನಾನು!

ಶುರುವಿನಲ್ಲಿ ದಿನಾ ಒಂದು ವಿಡಿಯೋ ಎಂದು ಹೊರಟು ಇಬ್ಬರೂ ಸುಸ್ತಾದೆವು. ಅವರಿಗೆ ಕರಿಯುವ ಅವಸರ, ನನಗೆ ಬೆಳಕು ಹೋಗುವ ಅವಸರ. ಕಡೆಗೆ ನನ್ನ ತಲೆಗೆ ಒಂದು ಕ್ರಮ ಹೊಳೆಯಿತು. ತಿಂಗಳಿಗೆ ಒಂದೇ ದಿನ ಶೂಟಿಂಗ್. ಇಡೀ ತಿಂಗಳಿನ ವಿಡಿಯೋ ಆ ಒಂದೇ ದಿನ ತೆಗೆದು, ಕತ್ತರಿಸಿ, ಹಾಡು ಹಾಕಿ, ಕನ್ನಡ ಮಲಯಾಳ ಎರಡರಲ್ಲೂ ಬರೆದು, ಯಾವ ದಿನ ಯಾವುದು ಹೋಗಬೇಕೆಂದು ಮೊದಲೇ ಶೆಡ್ಯೂಲ್ ಮಾಡಿ ಇಡುವುದು. ಆಮೇಲೆ ಅವರು ಬಾಣಲೆಯ ಮುಂದೆ, ನಾನು ಆರ್ಡರಿನ ಮುಂದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ದೊಡ್ಡ ದೊಡ್ಡ ಕಂಪೆನಿಯವರು ಹೀಗೆಯೇ ಮಾಡುತ್ತಾರೆ ಎಂದು ಆಮೇಲೆ ತಿಳಿದಾಗ ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಆ ಶೂಟಿಂಗ್ ದಿನ ನೀವು ನೋಡಬೇಕಿತ್ತು. ನೇತುಹಾಕಿದ ಬಾಳೆಗೊನೆಗಳ ಮರೆಯಲ್ಲಿ ಜಲಜಕ್ಕ ಸೀರೆ ಬದಲಾಯಿಸುವುದು, ನಾನು ಗೋಡೆಯ ಗಡಿಯಾರ ಕೆಳಗಿಳಿಸಿ ಕ್ಯಾಲೆಂಡರ್ ತಿರುಗಿಸಿ ಇಡುವುದು. ಸೋಮವಾರಕ್ಕೆ ನೀಲಿ ಸೀರೆ, ಬುಧವಾರಕ್ಕೆ ಹಳದಿ, ಶುಕ್ರವಾರಕ್ಕೆ ತಲೆಗೆ ಮಲ್ಲಿಗೆ. "ನನ್ನ ಮದುವೆ ದಿನವೂ ಇಷ್ಟು ಸೀರೆ ಉಡ್ಲಿಲ್ಲ ನಾನು" ಎಂದು ಬೈಯುತ್ತಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಎಲ್ಲ ವಿಡಿಯೋದ ಜೀವ ಒಂದೇ ಕ್ಷಣದಲ್ಲಿತ್ತು. ಚಿಪ್ಸ್ ಅರೆಬೆಂದಾಗ ಕಾದ ತೆಂಗಿನೆಣ್ಣೆಗೆ ಉಪ್ಪು ಅರಶಿನದ ನೀರು ಒಂದು ಚಮಚ ಹೊಯ್ಯುತ್ತಾರೆ. ಇಡೀ ಬಾಣಲೆ ಬೊಬ್ಬೆ ಹೊಡೆಯುತ್ತದೆ. ಇಷ್ಟು ವರ್ಷ ಕರಿದ ಹೆಂಗಸು, ಆದರೂ ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ವಾಲಿಸಿ ನಗುತ್ತಿದ್ದರು. ಆ ನಗುವಿಗೆ ಜನ ಬಿದ್ದರು. ಕಾಸರಗೋಡಿನವರು, ಮಂಗಳೂರಿನವರು, ಶಾರ್ಜಾದಲ್ಲಿ ಕುಳಿತು ಊರು ನೆನೆಯುವವರು — ಎಲ್ಲರೂ. ಪ್ರತಿ ವಿಡಿಯೋದ ಕೆಳಗೆ ನಾನು ಬರೆಯುತ್ತಿದ್ದದ್ದು ಒಂದೇ: "ಇವತ್ತು ಬೆಳಿಗ್ಗೆ ಕರಿದದ್ದು." ಚಿಪ್ಸ್ ಅಂದಂದಿನದೇ, ವಿಡಿಯೋ ಮಾತ್ರ ಹಳೆಯದು. ಹಾಗಾಗಿ ಅದು ಸುಳ್ಳಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಶೂಟಿಂಗಿಗೆ ಇದ್ದ ಒಂದೇ ಕಾಟ ಮಾಮಿ. ಜಲಜಕ್ಕನ ಅತ್ತೆ, ಅವರು ಮಾಮಿ ಎಂದು ಕರೆಯುವುದು ಕೇಳಿ ನಾನೂ ಹಾಗೆಯೇ ಕರೆಯುತ್ತಿದ್ದೆ. ಕರಿಯುವ ಕೆಲಸವನ್ನು ಸೊಸೆಗೆ ಕಲಿಸಿದವರು ಅವರೇ. ವಯಸ್ಸಾದ ಮೇಲೆ ಅಂಗಳದ ಕುರ್ಚಿಯಲ್ಲಿ ಕುಳಿತು, ಒಳಗೆ ನಡೆಯುವುದನ್ನೆಲ್ಲ ವಾಸನೆಯಿಂದಲೇ ತಿಳಿದು, ಅಲ್ಲಿಂದಲೇ ಕೂಗುತ್ತಿದ್ದರು — ಎಣ್ಣೆ ಹೆಚ್ಚು ಕಾಯ್ತು, ಪಂಪು ಬಂದ್ ಮಾಡು, ಯಾರದು ಗೇಟು ತೆರೆದದ್ದು. ಕ್ಯಾಮರಾ ಇಟ್ಟಿದ್ದೇವೆ ಎಂದರೆ ಸ್ವರ ಇನ್ನೂ ಏರುತ್ತಿತ್ತು. ನಾನು ಅವರ ಸ್ವರವನ್ನೆಲ್ಲ ಅಳಿಸಿ ಹಾಡು ಹಾಕಿಬಿಡುತ್ತಿದ್ದೆ.

ಆ ವರ್ಷ ಓಣಂ ಹತ್ತಿರ ಬಂದಿತ್ತು. ನಮ್ಮ ಕಡೆ ಚಿಪ್ಸಿನವರಿಗೆ ಅದೇ ಸುಗ್ಗಿ. ತಿಂಗಳ ವಿಡಿಯೋ ಎಲ್ಲ ತೆಗೆದು, ಸಾಲಾಗಿ ಶೆಡ್ಯೂಲ್ ಮಾಡಿ ಇಟ್ಟಿದ್ದೆ. ಒಂದು ಬೆಳಿಗ್ಗೆ ಚಾ ಕುಡಿದು ಕುರ್ಚಿಯಲ್ಲಿ ಕುಳಿತ ಮಾಮಿ ಮತ್ತೆ ಏಳಲಿಲ್ಲ.

ಜಲಜಕ್ಕ ಬಾಣಲೆಯನ್ನು ತಿಕ್ಕಿ ತೊಳೆದು ಶೆಡ್ಡಿನ ನೆಲದಲ್ಲಿ ಬೋರಲು ಹಾಕಿದರು. ಅವರಲ್ಲಿ ಬೊಜ್ಜ ಎನ್ನುವ ಉತ್ತರಕ್ರಿಯೆ ಕಳೆಯುವ ತನಕ ಸೂತಕ. ಆ ದಿನಗಳಲ್ಲಿ ಮನೆಯಲ್ಲಿ ಏನನ್ನೂ ಕರಿಯುವಂತಿಲ್ಲ, ಒಗ್ಗರಣೆ ಕೂಡ ಇಲ್ಲ. ಓಣಂಗೆ ಬಂದಿದ್ದ ಆರ್ಡರುಗಳಿಗೆಲ್ಲ ಅವರೇ ಫೋನ್ ಮಾಡಿ ಆಗುವುದಿಲ್ಲ ಎಂದರು. ಬೇರೆ ಕಡೆ ಕರಿಸಿ ಕೊಡಬಹುದಲ್ಲ ಎಂದು ನಾನು ಮೆಲ್ಲನೆ ಹೇಳಿದೆ. "ಮಾಮಿ ಕಲಿಸಿದ ಕೆಲಸ ಅದು. ಅವರಿಗೆ ಇಷ್ಟಾದ್ರೂ ಮಾಡ್ಬೇಡ್ವಾ?" ಎಂದರು. ಇಡೀ ವರ್ಷ ಕಾದ ವ್ಯಾಪಾರವನ್ನು ಅವರು ಒಂದೇ ಮಾತಿನಲ್ಲಿ ಕೈಬಿಟ್ಟರು.

ಶೆಡ್ಯೂಲಿನಲ್ಲಿದ್ದದ್ದನ್ನು ತೆಗೆಯಬೇಕೆಂದು ನನಗೆ ಹೊಳೆಯದೆ ಇರಲಿಲ್ಲ. ಫೋನ್ ಕೈಗೆ ತೆಗೆದುಕೊಂಡಿದ್ದೆ ಕೂಡ. ಆದರೆ — ಓಣಂ ಮುಂಚಿನ ವಾರ, ಪೇಜ್ ಏರುತ್ತಿದ್ದ ಹೊತ್ತು, ಒಂದು ದಿನ ತಪ್ಪಿದರೆ ಬಿದ್ದೇಹೋಗುತ್ತದೆ ಎಂಬ ಹೆದರಿಕೆ. ಬಾಣಲೆ ಇಡಬಾರದು ಎಂಬುದು ಜಲಜಕ್ಕನ ನಂಬಿಕೆ, ಪೇಜ್ ನಿಲ್ಲಬಾರದು ಎಂಬುದು ನನ್ನ ನಂಬಿಕೆ. ಅವರು ತಮ್ಮದನ್ನು ಉಳಿಸಿಕೊಳ್ಳಲು ತಮ್ಮ ವ್ಯಾಪಾರ ಬಿಟ್ಟರು. ನಾನು ನನ್ನದನ್ನು ಉಳಿಸಿಕೊಳ್ಳಲು ಅವರ ಮಾನ ಬಿಟ್ಟೆ.

ಹಳದಿ ಸೀರೆಯ ವಿಡಿಯೋ ಪೇಜಿಗೆ ಹೋಯಿತು. ಬಾಣಲೆ ಬೊಬ್ಬೆ ಹೊಡೆದು, ಜಲಜಕ್ಕ ಹಿಂದೆ ಸರಿದು, ಹಿಂದೆಂದೂ ನಗದ ಹಾಗೆ ನಗುತ್ತಾರೆ. ಕೆಳಗೆ: ಇವತ್ತು ಬೆಳಿಗ್ಗೆ ಕರಿದದ್ದು. ನಮ್ಮ ಪೇಜಿನಲ್ಲಿ ಅಷ್ಟು ಜನ ನೋಡಿದ ವಿಡಿಯೋ ಅದುವರೆಗೆ ಬೇರೊಂದು ಇರಲಿಲ್ಲ. ಅದರ ಕೆಳಗೆ ಊರಿನ ಯಾರೋ ಒಬ್ಬರು ಕಮೆಂಟ್ ಹಾಕಿದರು: "ಮನೆಯಲ್ಲಿ ಸಾವಾಗಿ ಬೊಜ್ಜ ಆಗಲಿಲ್ಲ, ಬಾಣಲೆ ಇಟ್ಟದ್ದಾ?"

ಸೂತಕದ ವಿಷಯ ನನಗೆ ಗೊತ್ತಿರಲಿಲ್ಲ, ನಾನು ಬೇರೆ ಜಾತಿ ಎಂದು ಹೇಳಿ ಪಾರಾಗಬಹುದು. ಹೇಳುವುದಿಲ್ಲ. ಆ ಬೇಲಿಯ ಕಂಡಿಯಲ್ಲಿ ಬೆಳೆದವಳು ನಾನು, ಗೊತ್ತಿತ್ತು. ಗೊತ್ತಿಲ್ಲದಿದ್ದರೂ ಆ ಪ್ರಶ್ನೆಯಲ್ಲೇ ಎಲ್ಲ ಇತ್ತು. ಇದು ಹಳೆಯ ವಿಡಿಯೋ, ಮನೆಯಲ್ಲಿ ಯಾರೂ ಕರಿಯುತ್ತಿಲ್ಲ — ಎರಡು ವಾಕ್ಯ ಸಾಕಿತ್ತು. ಆದರೆ ಹಾಗೆ ಬರೆದರೆ ನನ್ನ 'ಇವತ್ತು ಬೆಳಿಗ್ಗೆ' ಬಯಲಾಗುತ್ತಿತ್ತು. ಮತ್ತೆ ನನ್ನ ಬಳಿ ಒಂದು ಸಾಲು ಸಿದ್ಧವಾಗಿತ್ತು. ದೀಪಾವಳಿಗೆಂದು ಬರೆದು, ಓದಿ ಓದಿ ಖುಷಿಪಟ್ಟು ಇಟ್ಟುಕೊಂಡಿದ್ದ ಸಾಲು. ಎಲ್ಲಿ ಹಾಕಲಿ ಎಂದು ಕೈ ತುರಿಸುತ್ತಿತ್ತು. ಹಾಕಿಬಿಟ್ಟೆ — ಜಲಜಕ್ಕನ ಹೆಸರಿನಲ್ಲಿ. ಕೆಲಸವೇ ನಮ್ಮ ದೇವರು. ನಮ್ಮ ಬಾಣಲೆ ಎಂದೂ ಆರುವುದಿಲ್ಲ.

ಜನ ಹೃದಯದ ಚಿಹ್ನೆ ಹಾಕಿದರು. ಎಷ್ಟು ಚೆನ್ನಾಗಿ ಬರೆದೆ ಎಂದು ನಾನೂ ಬೀಗಿದೆ. ಮರುದಿನ ಎಲ್ಲೋ ಚುಚ್ಚಿದ ಹಾಗಾಗಿ ಆ ಸಾಲನ್ನು ಅಳಿಸಿದೆ. ಅಷ್ಟರಲ್ಲಿ ಅದನ್ನು ಓದಬಾರದವಳು ಓದಿ ಆಗಿತ್ತು.

ಅವಳು ಸುಮತಿ. ಮಾಮಿಯ ಒಬ್ಬಳೇ ಮಗಳು, ಜಲಜಕ್ಕನ ನಾದಿನಿ, ಅಡೂರಿಗೆ ಮದುವೆಯಾಗಿ ಹೋದವಳು. ಬೊಜ್ಜಕ್ಕೆ ಬಂದಳು, ಮಗಳು ಮಾಡಬೇಕಾದದ್ದೆಲ್ಲ ಮಾಡಿದಳು, ಊಟದ ಎಲೆಯ ಮುಂದೆ ಮಾತ್ರ ಕುಳಿತುಕೊಳ್ಳಲಿಲ್ಲ. ವಿಡಿಯೋದ ಸುದ್ದಿ ಯಾರಿಂದಲೋ ಕೇಳಿದ್ದ ಜಲಜಕ್ಕ ಅಂಗಳದಲ್ಲಿ ಅವಳ ಕೈ ಹಿಡಿದು, "ಅದು ಮೊದಲೇ ತೆಗೆದ ವಿಡಿಯೋ ಸುಮತಿ, ಹಳತು" ಎಂದರು.

"ವಿಡಿಯೋ ಹಳತಿರಬಹುದು ಅತ್ತಿಗೆ. ಬರೆದದ್ದು?" ಎಂದು ಕೈ ಬಿಡಿಸಿಕೊಂಡು ಹೋದಳು.

ಫೋನಿನಲ್ಲಿ ಪೇಜ್ ಹೇಗೆ ತೆರೆಯುವುದೆಂದೂ ತಿಳಿಯದ ಜಲಜಕ್ಕನಿಗೆ ಏನೂ ಅರ್ಥವಾಗಲಿಲ್ಲ. ಆ ಸಂಜೆಯೇ ಬೇಲಿ ದಾಟಿ ಬಂದರು. "ಲವೀನಾ, ನೀನು ಎಂತಾದ್ರೂ ಬರೆದದ್ದುಂಟಾ?"

"ಇಲ್ಲ ಅಕ್ಕ" ಎಂದೆ.

ಅವರು ಎರಡನೆಯ ಸಲ ಕೇಳಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ಆಮೇಲೆ ನಾವು ಬೆಳೆದೆವು. ಈಗ ಇಲ್ಲೇ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಮ್ಮದೇ ಘಟಕ ಇದೆ, ಶೆಡ್ಡಿಗೆ ಕೈನೆರವಿಗೆಂದು ಬರತೊಡಗಿದ ನೆರೆಯ ಹೆಂಗಸರೆಲ್ಲ ಇಂದು ಕೆಲಸ ತಿಳಿದವರು, ನಮ್ಮ ಪ್ಯಾಕೆಟ್ ಕಡಲು ದಾಟುತ್ತದೆ. ತಿಂಗಳಿಗೆ ಒಂದೇ ದಿನ ಶೂಟಿಂಗ್ ಎನ್ನುವ ನನ್ನ ಕ್ರಮವನ್ನು ಸುತ್ತಲಿನ ಮಹಿಳಾ ಸಂಘದವರಿಗೆ ಕಲಿಸಲು ನನ್ನನ್ನೇ ಕರೆಯುತ್ತಾರೆ. ಸೀರೆ ಬದಲಾಯಿಸುವುದು, ಗಡಿಯಾರ ಇಳಿಸುವುದು, ಎಲ್ಲ ನಗಿಸುತ್ತಾ ಹೇಳುತ್ತೇನೆ. ಸುಮತಿ ಮಾತ್ರ ಅಣ್ಣನ ಮನೆಯ ಮೆಟ್ಟಿಲು ಹತ್ತಿಲ್ಲ. ಪ್ರತಿ ಓಣಂಗೆ ಜಲಜಕ್ಕ ಒಂದು ಕಟ್ಟು ಚಿಪ್ಸ್ ಅಡೂರಿಗೆ ಕಳುಹಿಸುತ್ತಾರೆ. ಬಿಚ್ಚದೆ ಹಾಗೆಯೇ ಹಿಂದೆ ಬರುತ್ತದೆ. ಅವರು ಅದನ್ನು ಒಳಗಿಟ್ಟು ಮತ್ತೆ ಕೆಲಸಕ್ಕೆ ಹೋಗುತ್ತಾರೆ. ನಾನು ನೋಡಿಯೂ ನೋಡದವಳ ಹಾಗೆ —

ಕಳೆದ ವಾರ ಅಂಥದೇ ಒಂದು ತರಗತಿ. ಎಲ್ಲ ಮುಗಿದು ಚಪ್ಪಾಳೆಯೂ ಆದ ಮೇಲೆ, ಉಪ್ಪಿನಕಾಯಿ ಮಾಡುವ ಒಬ್ಬರು ಹಿಂದಿನ ಸಾಲಿನಿಂದ ಎದ್ದರು. "ಟೀಚರೇ, ಎಲ್ಲ ಶೆಡ್ಯೂಲ್ ಮಾಡಿ ಇಟ್ಟ ಮೇಲೆ ಮನೆಯಲ್ಲಿ ಒಂದು ಸಾವು ಆದ್ರೆ ಎಂತ ಮಾಡುದು?"

ಎಲ್ಲರೂ ಪೆನ್ನು ಹಿಡಿದು ಕಾಯುತ್ತಿದ್ದರು. "ಮೊದಲು ಅದನ್ನು ನಿಲ್ಲಿಸಬೇಕು. ನಾನು ನಿಲ್ಲಿಸಲಿಲ್ಲ" ಎಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ನುಂಗಿಕೊಂಡು ಮನೆಗೆ ಹೋಗಲು ಆಗಲಿಲ್ಲ, ನೇರ ಘಟಕಕ್ಕೆ ಹೋದೆ.

ನಾನು ತೆಗೆದ ಯಾವ ವಿಡಿಯೋದ ಮೂಲವನ್ನೂ ಅಳಿಸುವವಳಲ್ಲ. ಅದೂ ನನ್ನ ಹೆಮ್ಮೆಗಳಲ್ಲಿ ಒಂದು. ಹಳದಿ ಸೀರೆಯದು ಇತ್ತು, ಹಾಡು ಹಾಕದೆ ಇದ್ದದ್ದು. ಜಲಜಕ್ಕನನ್ನು ಕುಳ್ಳಿರಿಸಿ, ಬರೆದದ್ದು, ಅಳಿಸಿದ್ದು, ಇಲ್ಲ ಎಂದದ್ದು, ಎಲ್ಲ ಹೇಳಿದೆ. ಹೇಳಿ ಆ ವಿಡಿಯೋ ಹಾಕಿದೆ. ಬಾಣಲೆಯ ಬೊಬ್ಬೆಯ ಮೇಲಿಂದ, ಅಂಗಳದ ಕುರ್ಚಿಯಿಂದ, ತುಳುವಿನಲ್ಲಿ ಮಾಮಿಯ ಸ್ವರ: "ಕರಿದದ್ದನ್ನೆಲ್ಲ ಮಾರಿ ಮುಗಿಸ್ಬೇಡ ಜಲಜಾ, ನನ್ನ ಮಗಳಿಗೆ ಒಂದು ಕಟ್ಟು ಇಡು!" ಅದಕ್ಕೇ ಆ ನಗು. ಊರೆಲ್ಲ ನೋಡಿದ, ಸುಮತಿ ಕ್ಷಮಿಸದ ಆ ನಗು.

ಜಲಜಕ್ಕ ಅದನ್ನು ಮತ್ತೆ ಹಾಕಿಸಿದರು. ಇನ್ನೊಮ್ಮೆ ಹಾಕಿಸಿದರು. "ಮಾಮಿ ಹೇಳಿದ್ದು ನೆನಪಿತ್ತು ನನಗೆ. ಅದಕ್ಕೇ ಓಣಂಗೆ ಕಳಿಸುದು. ಸ್ವರ ಮಾತ್ರ ಮರ್ತುಹೋಗಿತ್ತು" ಎಂದರು. ಮತ್ತೆ ನನ್ನ ಮುಖ ನೋಡದೆ, "ಇಷ್ಟು ವರ್ಷ ನಾನು ಎಂತ ತಪ್ಪು ಮಾಡಿದೆ ಅಂತ ಹುಡುಕಿದ್ದೇನೆ ಲವೀನಾ" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಅತ್ತುಬಿಟ್ಟೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಎದ್ದು ಬಾಣಲೆಯ ಕಡೆ ಹೋಗುವಾಗ ಹೇಳಿದ್ದು ಇಷ್ಟೇ: "ಸುಮತಿಗೆ ನೀನೇ ಹೋಗಿ ಹೇಳು. ಫೋನಿನಲ್ಲಿ ಅಲ್ಲ."

ಇಂದು ಅಡೂರಿನ ಬಸ್ಸಿಗೆ ಕಾಯುತ್ತಾ ಇದನ್ನು ಬರೆದು ಮುಗಿಸುತ್ತಿದ್ದೇನೆ. ಪೇಜಿನಲ್ಲಿ ಹಾಕಲು, ಈ ಸಲ ನನ್ನ ಹೆಸರಿನಲ್ಲಿ. ತಿಂಗಳಿನ ಮಾತನ್ನೆಲ್ಲ ಮೊದಲೇ ಬರೆದಿಡುವ ನಾನು, ಸುಮತಿಗೆ ಹೇಳಲು ಒಂದು ಒಳ್ಳೆಯ ಸಾಲು ಹೊಂದಿಸಲು ನೋಡಿದೆ. ಬಂತು ಕೂಡ, ಚೆಂದದ ಸಾಲೇ ಬಂತು. ಬಿಟ್ಟುಬಿಟ್ಟೆ. ಬಾಗಿಲು ತೆರೆದರೆ, ಬರೆದದ್ದು ನಾನು ಎಂದು ಶುರುಮಾಡುತ್ತೇನೆ. ತೆರೆಯದಿದ್ದರೆ ಹೊರಗಿನಿಂದಲೇ ಹೇಳುತ್ತೇನೆ. ಕ್ಷಮಿಸುವುದು ಬಿಡುವುದು ಅವಳಿಗೆ ಬಿಟ್ಟದ್ದು. ಅವಳ ಅಮ್ಮನ ಸ್ವರ ಮಾತ್ರ ಅವಳದು, ಅದನ್ನು ಕೊಟ್ಟೇ ಬರುತ್ತೇನೆ.

ಚೀಲದಲ್ಲಿ ಜಲಜಕ್ಕ ಕೊಟ್ಟ ಒಂದು ಕಟ್ಟು ಚಿಪ್ಸ್ ಇದೆ, ಇನ್ನೂ ಸ್ವಲ್ಪ ಬಿಸಿ. ಇವತ್ತು ಬೆಳಿಗ್ಗೆ ಕರಿದದ್ದು.