ಶಿಕಾರಿಪುರದ ವೀಸಾ ವಕೀಲರು

ಅವರ ಬಲಗೈ ತೋರುಬೆರಳಿನ ಉಗುರು ಅರ್ಧ ಅಂಗುಲ ಬೆಳೆದಿರುತ್ತಿತ್ತು. ಕಾಗದ ಓದುವಾಗ ಕಣ್ಣಿನ ಜೊತೆಗೆ ಆ ಉಗುರೂ ಸಾಲಿನಡಿ ಸಾಗುತ್ತಿತ್ತು. ಅನುಮಾನ ಬಂದ ಪದದ ಕೆಳಗೆ ಒತ್ತಿ ಗೀರುತ್ತಿದ್ದರು. ಶಾಯಿಯಿಲ್ಲದ ಆ ಗೀರು ಹಾಳೆಯ ಹಿಂಬದಿಯಲ್ಲೂ ಕೈಗೆ ತಾಗುತ್ತಿತ್ತು.

ಐವತ್ತರ ದಶಕದ ಕೊನೆಯ ವರ್ಷಗಳವು. ಶಿಕಾರಿಪುರದ ಕೋರ್ಟಿನ ಉಳಿದ ವಕೀಲರೆಲ್ಲ ಬದುವಿನ ಜಗಳ, ಪಾಲುಪಟ್ಟಿಗಳಲ್ಲಿ ಮುಳುಗಿದ್ದಾಗ ಇವರೊಬ್ಬರು ಪಾಸ್‌ಪೋರ್ಟು, ವೀಸಾ ಎಂದು ಓಡಾಡುತ್ತಿದ್ದರು. ದೇಶ ಒಡೆದ ಮೇಲೆ ಕರಾಚಿಗೆ ಹೋಗಿ ಸಿಕ್ಕಿಕೊಂಡು, ಆ ದೇಶದ ಪಾಸ್‌ಪೋರ್ಟಿನ ಮೇಲೆ ಹುಟ್ಟಿದೂರಿಗೆ ಮರಳಿದವರು ನಮ್ಮ ಸೀಮೆಯಲ್ಲೂ ಕೆಲವರಿದ್ದರು. ಮೊದಲನೆಯವನಿಗೆ ಬಂದ, ದೇಶ ಬಿಡಬೇಕೆಂಬ ನೋಟೀಸನ್ನು ಬೇರೆ ಯಾರೂ ಮುಟ್ಟಲಿಲ್ಲವಂತೆ, ಇವರು ಮುಟ್ಟಿದರು. ಆಮೇಲೆ ಅಂಥವರೆಲ್ಲ ಇವರನ್ನೇ ಹುಡುಕಿಕೊಂಡು ಬಂದರು. ವಕೀಲರ ಕೊಠಡಿಯಲ್ಲಿ ಯಾರಾದರೂ, “ಕರಾಚಿ ಹಡಗು ಎಷ್ಟೊತ್ತಿಗ್ರೀ?” ಎಂದು ಕೆಣಕಿದರೆ, “ನಿಮ್ಮ ಬದುವಿನ ಕೇಸು ಮುಗಿಯೋದ್ರಾಗ ನಾಕು ಸಲ ಹೋಗಿ ಬರಬಹುದು, ಕೂಡ್ರಿ” ಅನ್ನುತ್ತಿದ್ದರು.

ನಾನಾಗ ಸೊರಬದ ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ನಮ್ಮ ಬೀದಿಯ ಕಲಾಯಿಗಾರನನ್ನು ಅವರಲ್ಲಿಗೆ ಕರೆದೊಯ್ದವನು ನಾನೇ. ತಾಮ್ರದ ಪಾತ್ರೆಗಳಿಗೆ ಒಳಗೆ ತವರದ ಲೇಪ ಕೊಡುವುದು ಅವನ ಮನೆತನದ ಕಸುಬು. ಕಾಯಿಲೆಯ ಅಣ್ಣನನ್ನು ನೋಡಲು ಕರಾಚಿಗೆ ಹೋಗಿದ್ದ. ಅಣ್ಣನನ್ನು ಮಣ್ಣು ಮಾಡಿ ಹೊರಡುವಷ್ಟರಲ್ಲಿ ಗಡಿಯ ಕಾನೂನು ಬದಲಾಗಿತ್ತು. ಅಲ್ಲಿನ ಪಾಸ್‌ಪೋರ್ಟು ಪಡೆಯದೆ ಬರುವ ದಾರಿಯೇ ಇರಲಿಲ್ಲ. ವರ್ಷಗಳ ನಂತರ ಹಾಗೇ ಬಂದ. ಹೆಂಡತಿ ಮಕ್ಕಳ ಜೊತೆ ಇರಲು ಸಿಕ್ಕಿದ್ದು ಮೂರು ತಿಂಗಳ ವೀಸಾ.

ಇವನು ಇಲ್ಲಿಯವನೇ, ಬೇರೆ ದೇಶದವನಾಗಲು ಎಂದೂ ಬಯಸಿದವನಲ್ಲ, ದಿಲ್ಲಿಯವರು ವಿಚಾರಿಸಿ ತೀರ್ಮಾನಿಸುವ ತನಕ ಹೊರಹಾಕಬಾರದು ಎಂಬುದು ವಕೀಲರ ವಾದ. ಸಾಕ್ಷಿ ಹುಡುಕಿಕೊಂಡು ಅವರೇ ಬಸ್ಸು ಹತ್ತಿದರು. ತೊಗರ್ಸಿಯ ದೇವಸ್ಥಾನದ ದಾಸೋಹದ ಹಂಡೆಗಳಿಗೆ ವರ್ಷಕ್ಕೊಮ್ಮೆ ಕಲಾಯಿ ಹಾಕುವ ಹಕ್ಕು ಈ ಮನೆಯವರದು. ಅಜ್ಜ, ಅಪ್ಪ, ಇವನು, ಮೂವರ ಕೈಕೆಲಸವನ್ನೂ ಕಂಡಿದ್ದ ಮುದುಕ ಅರ್ಚಕರಿಂದ ಹೇಳಿಕೆ ಬರೆಸಿ ತಂದರು. ಕಕ್ಷಿಗಾರನಿಗೆ ಅವರದು ಒಂದೇ ಕಟ್ಟಪ್ಪಣೆ: “ವೀಸಾ ಮುಂದುವರಿಸ್ರಿ ಅಂತ ಕೇಳಬ್ಯಾಡ. ಕೇಳಿದ್ರೆ ಹೊರದೇಶದೋನು ಅಂತ ನೀನೇ ಒಪ್ಪಿದಂಗೆ. ನಾನು ಓದದ ಕಾಗದಕ್ಕೆ ಸೈ ಮಾಡಬ್ಯಾಡ.”

ಇದನ್ನು ಹೇಳುವಾಗ ನಾನು ಅಲ್ಲಿದ್ದೆನೇ? ಇರಲಿಲ್ಲವೆನ್ನಲು ಮನಸ್ಸು ಇಂದಿಗೂ ಹವಣಿಸುತ್ತದೆ. ಇದ್ದೆ.

ವೀಸಾ ಮುಗಿಯುವ ಹಿಂದಿನ ದಿನ ಠಾಣೆಯ ದಫೇದಾರ ವೀಸಾ ಮುಂದುವರಿಸಲು ಕೇಳುವ ಒಂದು ಫಾರಂ ತಂದುಕೊಟ್ಟು, ನಾಳೆಯೊಳಗೆ ತುಂಬಿ ಕೊಡದಿದ್ದರೆ ಜೈಲು ಎಂದು ಹೋದ. ವಕೀಲರು ಬೆಂಗಳೂರಿಗೆ ಹೋಗಿದ್ದರು. ಕಲಾಯಿಗಾರ ಫಾರಂ ಹಿಡಿದು ನನ್ನ ಮನೆಗೆ ಬಂದ. ವಕೀಲರ ಮಾತು ನೆನಪಿದ್ದ ಅವನೇ ಹಿಂಜರಿದ, ಏನೂ ಆಗುವುದಿಲ್ಲವೆಂದು ಧೈರ್ಯ ಹೇಳಿದವನು ನಾನು. ನನ್ನ ದಿನಚರಿಯ ಆ ಪುಟದಲ್ಲಿ ‘ಫಾರಂ ತುಂಬಿಕೊಟ್ಟೆ’ ಎಂದಷ್ಟೇ ಇದೆ. ರಾಷ್ಟ್ರೀಯತೆ ಎಂದಿದ್ದ ಕಡೆ ಪಾಸ್‌ಪೋರ್ಟು ನೋಡಿ ದುಂಡಗಿನ ಇಂಗ್ಲಿಷಿನಲ್ಲಿ ‘ಪಾಕಿಸ್ತಾನಿ’ ಎಂದು ಬರೆದೆ. ಬಂದ ಉದ್ದೇಶ ಎಂದಿದ್ದ ಕಡೆ ‘ನೆಂಟರ ಭೇಟಿ’ ಎಂದು ಬರೆದೆ. ಅವನ ಹೆಂಡತಿ ಮಕ್ಕಳನ್ನು ನೆಂಟರು ಎಂದು ಬರೆದೆ. ಅದರ ಕೆಳಗೆ ಅವನು ಕನ್ನಡದಲ್ಲಿ ಸಹಿ ಹಾಕಿದ.

ಆ ಫಾರಮ್ಮನ್ನೇ ಒಪ್ಪಿಗೆಯೆಂದು ಹಿಡಿದು, ಕೂಡಲೇ ದೇಶ ಬಿಡಬೇಕೆಂಬ ಆಜ್ಞೆ ಬಂತು. ಮರಳಿ ಬಂದ ವಕೀಲರು ನಕಲನ್ನು ಮೇಜಿನ ಮೇಲೆ ಹರಡಿ ಓದಿದರು. ಆ ಒಂದು ಪದದ ಕೆಳಗೆ ಅವರ ಉಗುರು ಕಾಗದವನ್ನೇ ಹರಿಯಿತು.

“ಮೇಷ್ಟ್ರೇ, ಎಲ್ಲಿ ತನಕ ಓದೀರಿ?”

“ಬಿ.ಎ. ಆನರ್ಸ್.”

“ಅದಕ್ಕೇ ಮತ್ತೆ. ಪೊಲೀಸ್ರು ಮೂರು ತಿಂಗಳಿಂದ ಸಾಬೀತು ಮಾಡಾಕೆ ಒದ್ದಾಡ್ತಿದ್ರು. ನೀವು ಒಂದೇ ಪದದಾಗೆ ಮುಗಿಸಿದ್ರಿ.”

ಆ ಪದ ಬರೆದದ್ದು ನಾನು, ಅವನಿಗೆ ಇಂಗ್ಲಿಷ್ ಬಾರದು, ನಾನು ಓದಿ ಹೇಳಿರಲಿಲ್ಲ ಎಂದು ಅವತ್ತೇ ಪ್ರಮಾಣಪತ್ರ ಕೊಡಬೇಕೆಂದರು. ಅದಿದ್ದರೆ ತಡೆಯಾಜ್ಞೆ ಕೇಳಬಹುದು. ನಾನು ಸರ್ಕಾರಿ ನೌಕರ. ಯೋಚಿಸಿ ಹೇಳುತ್ತೇನೆಂದೆ.

“ಕ್ಯಾಸನೂರು ಕಾಡಿನಾಗೆ ಜ್ವರ ಬಂದು ಸತ್ತ ಮಂಗ ನೋಡಾಕೆ ಸಮುದ್ರದಾಚೆಯ ಡಾಕ್ಟ್ರು ಜೀಪಿನಾಗೆ ಬಂದ್ರೆ ಅಮಲ್ದಾರ್ರು ಎದ್ದು ನಿಲ್ತಾರೆ. ಹುಟ್ಟಿದ ಮನೆಗೆ ಬಂದೋನ್ನ ಹೊರಗೆ ದಬ್ತಾರೆ. ನೀವು ಯೋಚನೆ ಮಾಡ್ರಿ ಮೇಷ್ಟ್ರೇ, ನಿಧಾನಕ್ಕೆ ಮಾಡ್ರಿ” ಎಂದರು.

ತಕ್ಷಣ ಒಪ್ಪಿದೆನೆಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ, ಹೇಳಿ ಹೇಳಿ ನಾನೇ ನಂಬಿಯೂ ಇದ್ದೆ. ದಿನಚರಿ ತೆಗೆದರೆ ಅಲ್ಲಿ ನಾಲ್ಕು ಪುಟ ಖಾಲಿ. ಐದನೆಯ ದಿನ ಶಿಕಾರಿಪುರಕ್ಕೆ ಹೋಗಿ ಸಹಿ ಹಾಕಿದೆ. ಅದರ ಹಿಂದಿನ ದಿನವೇ ಇಬ್ಬರು ಪೇದೆಗಳು ಕಲಾಯಿಗಾರನನ್ನು ಬಸ್ಸಿನಲ್ಲಿ ಕೂರಿಸಿ ಒಯ್ದಿದ್ದರು. ಅವನು ಮತ್ತೆ ಬರಲಿಲ್ಲ.

ಗಡಿ ಎಳೆದವರ ಮೇಲೆ, ಆ ಫಾರಂ ಅಚ್ಚು ಹಾಕಿಸಿದವರ ಮೇಲೆ, ಮನೆ ಬಾಗಿಲಿಗೆ ತಂದುಕೊಟ್ಟ ದಫೇದಾರನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವರಲ್ಲಿ ಯಾರೂ ನನ್ನ ಕೈ ಹಿಡಿದು ಬರೆಸಿರಲಿಲ್ಲ.

ವಕೀಲರ ಮೇಲೂ ಸಿಟ್ಟಿದೆ. ಕಲಾಯಿಗಾರನ ಹೆಂಡತಿ ಏನಾಯಿತೆಂದು ಅವರನ್ನು ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಫಾರಂ ತುಂಬಿದ್ದು ನಾನೆಂದು ಅವಳಿಗೆ ಗೊತ್ತಿತ್ತು, ಗಂಡನನ್ನು ಒಯ್ದದ್ದು ಅದೇ ಎಂದು ಗೊತ್ತಿರಲಿಲ್ಲ. ಈಗ ಎಲ್ಲ ಹೇಳುತ್ತಾರೆಂದು ತಲೆ ತಗ್ಗಿಸಿ ಕಾದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. “ನನ್ನದೇ ತಪ್ಪಾತು ತಾಯಿ. ಆ ಹೊತ್ತಿನಾಗೆ ನಾನು ಊರು ಬಿಡಬಾರದಿತ್ತು” ಎಂದರು. ಬೈದಿದ್ದರೆ ನನಗೆ ಮುಂದೆ ಬದುಕುವುದು ಸುಲಭವಾಗುತ್ತಿತ್ತು.

ಆಮೇಲೂ ಅವರು ಸಾಯುವ ತನಕ ದಿಲ್ಲಿಗೆ ಅರ್ಜಿ ಬರೆಯುತ್ತಲೇ ಇದ್ದರು. ಅವರು ತೀರಿಕೊಂಡ ದಿನ ಕಲಾಯಿಗಾರನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸೊರಬದಿಂದ ಬಂದಿದ್ದಳು. ಹೆಣ ಎತ್ತಿದ ಮೇಲೆ ಅಂಗಳದಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತಳು.

“ನಮಗೋಸ್ಕರ ಭಾಳ ಮಾಡಿದ್ರು ಪಾಪ. ನೀವೂ ಎಷ್ಟು ಓಡಾಡಿದ್ರಿ ಮೇಷ್ಟ್ರೇ.”

ಹೇಳಿಬಿಡಬಹುದಾಗಿತ್ತು. ತಡೆಯುವವರೂ ಆಗ ಇರಲಿಲ್ಲ.

“ಇರಲಿ ಬಿಡಮ್ಮ” ಎಂದೆ.