ಜಾರ್ಜಿಯದ ಒಂದು ಅಕ್ಷರ ಮತ್ತು ನನ್ನ ಮಾರ್ಕ್ಸ್ ಕಾರ್ಡು

ಫರೀದಾಬಾದಿನ ಆ ಕಚೇರಿಗೆ ಸೇರಿದ ದಿನವೇ ನನ್ನ ಅಸಲಿ ಮಾರ್ಕ್ಸ್ ಕಾರ್ಡುಗಳು ಮ್ಯಾನೇಜರರ ಕಬ್ಬಿಣದ ಬೀರುವಿನೊಳಗೆ ಹೋದವು. ಎರಡು ವರ್ಷ ಕೆಲಸ ಬಿಡುವಂತಿಲ್ಲ ಎಂಬ ಬಾಂಡಿಗೆ ಅವೇ ಜಾಮೀನು. ಹಳೆಯ ಪುಸ್ತಕಗಳನ್ನು ನೋಡಿ ಕಂಪ್ಯೂಟರಿಗೆ ಟೈಪ್ ಮಾಡಿಕೊಡುವುದು ನಮ್ಮ ಕೆಲಸ. ಜಾರ್ಜಿಯ ದೇಶದ ಆರು ನೂರು ಪುಟದ ನಿಘಂಟೊಂದು ಬಂದಾಗ ಮ್ಯಾನೇಜರ್ ನನ್ನನ್ನೇ ಕರೆದರು.

“ಆಪ್ ಕೀ ಲಿಪಿ ಭೀ ಜಲೇಬಿ, ಯೇ ಭೀ ಜಲೇಬಿ,” ಎಂದು ನಕ್ಕರು. ಕನ್ನಡವೂ ಸುರುಳಿ, ಜಾರ್ಜಿಯದ್ದೂ ಸುರುಳಿ ಎಂಬ ಲೆಕ್ಕ.

ನನಗೆ ಮೈಯೆಲ್ಲ ಉರಿಯಿತು. ಜೊತೆಗೆ ಕೊಟ್ಟದ್ದೂ ಇನ್ನೊಬ್ಬ ಕನ್ನಡದವಳನ್ನೇ. ಅವಳು ರೋಹಿಣಿ ಬಡಾವಣೆಯಲ್ಲಿ ಉಡುಪಿ ಹೋಟೆಲು ಇಟ್ಟವರ ಮಗಳು. ದಿಲ್ಲಿಯಲ್ಲೇ ಬೆಳೆದರೂ ಅಪ್ಪ ಹಟ ಹಿಡಿದು ಕನ್ನಡ ಓದಲು ಕಲಿಸಿದ್ದರು.

ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ. ಯಾವ ಆಕಾರಕ್ಕೆ ಯಾವ ಸಂಖ್ಯೆ, ಯಾವ ಕೀಲಿ ಎಂಬ ಪಟ್ಟಿಯನ್ನು ನಾನೇ ಬರೆದು ಇಬ್ಬರ ಮುಂದೆಯೂ ಅಂಟಿಸಿದೆ. ಒಂದೇ ಪುಟವನ್ನು ಇಬ್ಬರೂ ಬೇರೆಬೇರೆಯಾಗಿ ಟೈಪ್ ಮಾಡಬೇಕು. ವ್ಯತ್ಯಾಸ ಬಂದಲ್ಲಿ ಕಂಪ್ಯೂಟರ್ ಕೆಂಪು ತೋರಿಸುತ್ತದೆ. ನಮ್ಮ ಪುಟಗಳಲ್ಲಿ ಕೆಂಪು ಬರುತ್ತಲೇ ಇರಲಿಲ್ಲ. ನನಗೋ ಜಂಬ.

ಅಷ್ಟರಲ್ಲಿ ನಮ್ಮೂರಿನ ಕಾಲೇಜಿನಿಂದ ಕೆಲಸದ ಸಂದರ್ಶನಕ್ಕೆ ಪತ್ರ ಬಂತು. ಅಸಲಿ ಕಾರ್ಡುಗಳನ್ನು ತೋರಿಸಲೇಬೇಕು. ಬೇಡಿಕೊಂಡ ಮೇಲೆ ಮ್ಯಾನೇಜರ್ ಕರಗಿ, ನಿಘಂಟು ಮುಗಿದ ದಿನ ಬೀರು ತೆರೆಯುತ್ತೇನೆ, ಬಾಂಡು ಮರೆತುಬಿಡೋಣ ಎಂದರು. ಅಲ್ಲಿಂದ ಮುಂದೆ ನಾನು ಇಳಿದುಕೊಂಡಿದ್ದ ಜನಕಪುರಿಯ ಅಕ್ಕನ ಮನೆ, ಬಸ್ಸು, ಪರದೆ, ಮತ್ತೆ ಬಸ್ಸು. ಕನಸಿನಲ್ಲೂ ಆ ಜಲೇಬಿಗಳೇ.

ಸಂದರ್ಶನಕ್ಕೆ ಹನ್ನೆರಡು ದಿನ ಇರುವಾಗ ಕೊನೆಯ ಪುಟಕ್ಕೆ ಬಂದೆವು. ಅಲ್ಲಿ ಅವರ ವರ್ಣಮಾಲೆಯನ್ನು ದೊಡ್ಡದಾಗಿ ಅಚ್ಚು ಹಾಕಿದ್ದರು. ಒಂದೇ ಅಕ್ಷರ ಎರಡು ಕಡೆ ಇದ್ದಂತೆ ಕಂಡಿತು. ಯಾವ ವರ್ಣಮಾಲೆಯಲ್ಲಿ ಹಾಗಿರುತ್ತದೆ? ಕಣ್ಣು ಹತ್ತಿರ ತಂದು ನೋಡಿದೆ. ಎರಡನೆಯದರ ತಲೆಯಲ್ಲಿ ಸಣ್ಣದೊಂದು ಬಾಗು. ಸಂಖ್ಯೆಗಳ ಮೂಲ ಪುಸ್ತಕ ತೆಗೆದು ನೋಡಿದರೆ ಅದು ಬಳಕೆ ತಪ್ಪಿದ ಬೇರೆಯೇ ಅಕ್ಷರ. ಅದಕ್ಕೆ ಬೇರೆಯೇ ಸಂಖ್ಯೆ, ನನ್ನ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಕನ್ನಡದಲ್ಲಿ ಹೆಚ್ಚಿನ ಅಕ್ಷರಗಳಿಗೆ ತಲೆಕಟ್ಟು ಇದ್ದೇ ಇರುತ್ತದೆ, ಅದನ್ನು ನಾವು ಗಮನಿಸುವುದೇ ಇಲ್ಲ. ಇಬ್ಬರೂ ತಲೆ ಬಿಟ್ಟು ಹೊಟ್ಟೆ ನೋಡಿ ಟೈಪ್ ಮಾಡಿದ್ದೆವು. ಇಬ್ಬರದೂ ಒಂದೇ ತಪ್ಪಾದ್ದರಿಂದ ಕಂಪ್ಯೂಟರಿಗೆ ಅದು ಸರಿಯಾಗಿಯೇ ಕಂಡಿತ್ತು.

“ಅಕ್ಕಾ, ಚುಪ್ ರಹೋ,” ಎಂದು ಹೋಟೆಲಿನವರ ಮಗಳು ಪಿಸುಗುಟ್ಟಿದಳು. “ಕಿಸೀಕೋ ಗೊತ್ತಾಗಲ್ಲ. ಸರ್ಟಿಫಿಕೇಟ್ ತಗೊಂಡು ಚಲೋ, ಊರಿಗೆ ಹೋಗಿ.”

ಆ ಕಾಲದಲ್ಲಿ ಕನ್ನಡದ ಒತ್ತಕ್ಷರಗಳು ಪರದೆಯ ಮೇಲೆ ಮುರಿದು ಚೌಕಗಳಾಗಿ ಕಾಣುತ್ತಿದ್ದವು. ಆ ಅಕ್ಷರಗಳನ್ನು ಕಂಪ್ಯೂಟರಿಗೆ ಹಾಕಿದವನಿಗೆ ನಾನು ವಾಚಾಮಗೋಚರವಾಗಿ ಬೈದಿದ್ದೆ. ಇನ್ನು ಜಾರ್ಜಿಯದಲ್ಲಿ ಯಾರೋ ಒಂದು ಹಳೆಯ ಪದ ಹುಡುಕಿ ಸಿಗದೆ ನನ್ನನ್ನು ಬೈಯುತ್ತಾರೆ. ಕೊನೆಯ ಪುಟವನ್ನು ಎಳೆಯುತ್ತ ಎರಡು ದಿನ ಬಾಯಿ ಬಿಗಿಹಿಡಿದೆ. ಮೂರನೆಯ ದಿನ ಪೆದ್ದಿಯಂತೆ ಹೋಗಿ ಹೇಳಿಬಿಟ್ಟೆ.

ಮ್ಯಾನೇಜರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾರ್ಡು ಕೊಡಲೆಂದು ಕೈಗೆತ್ತಿಕೊಂಡಿದ್ದ ಬೀರುವಿನ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡರು.

“ಶಾಬಾಶ್ ಬೇಟಾ! ಇತ್ನೇ ಲೋಗೋಂ ಮೇ ಸಿರ್ಫ್ ತುಮ್ಹೇ ಫರಕ್ ದಿಖಾ. ಅಬ್ ತುಮ್ಹೇ ಕೈಸೇ ಛೋಡೂಂ?”

ಇಷ್ಟು ಜನರಲ್ಲಿ ವ್ಯತ್ಯಾಸ ಕಂಡದ್ದು ನನಗೊಬ್ಬಳಿಗೇ, ಹಾಗಾಗಿ ನನ್ನನ್ನು ಬಿಡುವಂತಿಲ್ಲ. ಆರು ನೂರು ಪುಟಗಳನ್ನೂ ಮೊದಲಿನಿಂದ ನೋಡಿ, ತಲೆ ಬಾಗಿದವುಗಳನ್ನು ಒಂದೊಂದಾಗಿ ಹೆಕ್ಕಿ ತಿದ್ದಬೇಕು. ಅತ್ತುಬಿಟ್ಟೆ, ಜಗಳಾಡಿದೆ, ಬೀರು ತೆರೆಯಲಿಲ್ಲ.

ಸಂದರ್ಶನದ ದಿನ ನಾನು ಎಪ್ಪತ್ತನೆಯ ಪುಟದಲ್ಲಿದ್ದೆ. ಮಧ್ಯಾಹ್ನ ಅಮ್ಮನ ಫೋನು ಬಂತು. ಅಕ್ಷರದ ಕಥೆಯನ್ನು ಅವಳಿಗೆ ಮೊದಲೇ ಹೇಳಿದ್ದೆ.

“ನಿಂಗೆ ಓದೋಕ್ ಬರುತ್ತೇನೇ ಆ ಅಕ್ಷರ?”

“ಇಲ್ಲಮ್ಮ.”

ಅವಳು ಫೋನು ಇಡಲಿಲ್ಲ. ನಾನು ಅದನ್ನು ಕಿವಿಗೊತ್ತಿಕೊಂಡೇ ಎಪ್ಪತ್ತೊಂದನೆಯ ಪುಟ ತಿರುವಿದೆ.