ಎಲ್ಲರೂ ನನ್ನ ಹೆಸರಿನಲ್ಲಿ ಒಳಹೋಗುತ್ತಿದ್ದರು

ಕಳವೇನೂ ಆಗಿರಲಿಲ್ಲ. ಸೊಸೆಯ ತಪ್ಪೂ ಇರಲಿಲ್ಲ. ಬಾಗಿಲು ತೆರೆದಿಟ್ಟವಳು ನಾನು.

ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗ, ಕರೆಂಟಿನ ಮೀಟರು, ರೇಷನ್ ಕಾರ್ಡು ಎಲ್ಲ ಹಿರಿಯರ ಹೆಸರಿಗೇ ಇರುವುದು. ಸೀರೆಯ ಅಂಚು ಬಿಡಿಸಲು ಕಂಪ್ಯೂಟರ್ ಬಂದಾಗ ಅದೂ ನನ್ನ ಹೆಸರಿಗೇ ಆಯಿತು. ಪಾಸ್‌ವರ್ಡ್ ಮಕ್ಕಳಿಬ್ಬರಿಗೂ ಗೊತ್ತು, ಸೊಸೆಗೂ ಗೊತ್ತು. ಮನೆಯವರಿಗೆ ಬೇರೆ ಬೇರೆ ಕೀಲಿ ಯಾಕೆ ಎಂದವಳೂ ನಾನೇ.

ಸೊಸೆ ಎರಡು ತಿಂಗಳು ಕೂತು ಹೊಸ ಅಂಚೊಂದನ್ನು ಬಿಡಿಸಿದ್ದಳು. ಸೋಮವಾರ ಸೀರೆ ವ್ಯಾಪಾರಿ ನೋಡಲು ಬರುವವನಿದ್ದ. ಅವನು ಒಪ್ಪಿದರೆ ಅವಳದೇ ಅಂಚು ಮೊದಲ ಸಲ ಮಗ್ಗಕ್ಕೆ ಏರುತ್ತಿತ್ತು. ಶುಕ್ರವಾರ ಅವಳು ತೆರೆದು ನೋಡಿದರೆ ತನ್ನ ಫೈಲಿನಲ್ಲಿ ಹಳೆಯ ಗೋಮಿ ಅಂಚು ಕೂತಿದೆ. ಅವಳದು ಇಲ್ಲ.

ಅಂದು ಇಡೀ ದಿನ ನಾನು ಕೂತಲ್ಲಿ ಕೂರಲಿಲ್ಲ. ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ. ಕಡೆಗೆ ಸೊಸೆಗೆ ಅಂದೇಬಿಟ್ಟೆ, "ತವರಮನಿಗೆ ಕೊಟ್ಟು ಇಲ್ಲಿಂದ ಅಳಿಸಿದ್ದೀ."

"ಹುನಗುಂದದಾಗ ನಮ್ಮಪ್ಪಂದು ಕಿರಾಣಿ ಅಂಗಡಿ ಐತ್ರಿ, ಅತ್ತಿ. ಅಂಚು ತಗೊಂಡು ಬೆಲ್ಲ ಕಟ್ಟಿ ಕೊಡ್ತಾನೇನು?"

ಅವಳು ಅಳಲಿಲ್ಲ. ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಸಂಜೆ ಬಾಗಲಕೋಟೆಯಲ್ಲಿ ಕಂಪ್ಯೂಟರ್ ಓದುವ ಮೊಮ್ಮಗಳು ಬಂದು ಏನೇನೋ ಒತ್ತಿ ನೋಡಿದಳು.

"ಕಡೀಕ ತಿದ್ದಿದವರ ಹೆಸರು ಇದರಾಗ ಐತಿ, ಅಜ್ಜಿ."

"ಯಾರದು?"

"ನಿಂದ."

"ನನಗ ಅದನ್ನ ಚಾಲೂ ಮಾಡಾಕ ಬರೂದಿಲ್ಲ."

"ಮಷಿನ್ನಿಗೆ ಏನ್ ಗೊತ್ತು? ಅದರೊಳಗ ಕರ್ನಲ್ ಅಂತ ಒಂದು ಕಾವಲು ಇರ್ತೈತಿ. ಯಾವ ಫೈಲ್ ಮುಟ್ಟಬೇಕಂದ್ರೂ ಅದರ ಅಪ್ಪಣಿ ಬೇಕು. ಅದು ಮಾರಿ ನೋಡೂದಿಲ್ಲ, ಹೆಸರು ನೋಡ್ತೈತಿ. ನಿನ್ನ ಹೆಸರಿಗೆ ನೋಡೂದು, ತಿದ್ದೂದು, ಅಳಸೂದು ಎಲ್ಲಾ ಬಿಟ್ಟೈತಿ. ಎಲ್ಲಾರೂ ನೀನ ಆಗಿ ಒಳಗ ಹೋಗ್ತಾರ."

ಗಂಡುಮಕ್ಕಳಿಬ್ಬರೂ ಚಹಾದ ಕಪ್ಪಿನೊಳಗೆ ನೋಡುತ್ತ ಕೂತರು. ಹಳೆಯ ಅಂಚಿನ ಬಣ್ಣ ಬದಲಿಸಲು ಹೋಗಿ ಅವರಲ್ಲೊಬ್ಬ ಅದನ್ನು ಸೊಸೆಯ ಫೈಲಿನ ಮೇಲೆ ಸೇವ್ ಮಾಡಿರಬೇಕು. ಯಾರೆಂದು ಇಂದಿಗೂ ಗೊತ್ತಿಲ್ಲ. ನಾನು ಮಾತ್ರ ಸೊಸೆಯ ಹೆಸರು ಹಿಡಿದು ಕಳವು ಹೊರಿಸಿದ್ದೆ.

ಮರುದಿನ ಬೆಳಿಗ್ಗೆ ಚಹಾಕ್ಕೂ ಮೊದಲು ಮೊಮ್ಮಗಳನ್ನು ಎಬ್ಬಿಸಿ ಸೊಸೆಗೆ ಬೇರೆ ಖಾತೆ ಮಾಡಿಸಿದೆ. ಅವಳ ಫೈಲು ಅವಳೊಬ್ಬಳೇ ತಿದ್ದಬೇಕು, ನನಗೂ ಬೇಡ ಎಂದೆ. ಅವಳು ಪಾಸ್‌ವರ್ಡ್ ಒತ್ತುವಾಗ ಗೋಡೆಯ ಕಡೆ ತಿರುಗಿ ನಿಂತೆ. ಸೋಮವಾರದೊಳಗೆ ನೆನಪಿದ್ದಷ್ಟು ಅಂಚನ್ನು ಮತ್ತೆ ಬಿಡಿಸಲು ಅವಳು ಕೂತಳು; ಅವಳು ಬಡಿಯಬೇಕಿದ್ದ ರೊಟ್ಟಿ ಬಡಿಯಲು ನಾನು ಒಳಗೆ ಹೋದೆ.